ಲೇಪಾಕ್ಷಿಯ ಚಾವಣಿಗೆ ಚಿತ್ರ ಬರೆದವರು ಯಾರು?

ಇಟಲಿಯ ಮೈಕೆಲೆಂಜೆಲೊ ಹೆಸರು ನಮ್ಮ ಹೈಸ್ಕೂಲ್ ಮಕ್ಕಳಿಗೂ ಗೊತ್ತು. ಯುರೋಪಿನ ಪುನರುಜ್ಜೀವನ ಕಾಲದ ದೊಡ್ಡ ಚಿತ್ರಕಾರ, ಶಿಲ್ಪಿ. ಹುಟ್ಟಿದ್ದು 1475ರಲ್ಲಿ, ತೀರಿಕೊಂಡಿದ್ದು 1564ರಲ್ಲಿ. ರೋಮ್‌ನಲ್ಲಿ ಪೋಪ್ ಅವರ ಸಿಸ್ಟೀನ್ ಪ್ರಾರ್ಥನಾ ಮಂದಿರದ ಚಾವಣಿಗೆ 1508ರಿಂದ 1512ರವರೆಗೆ ಅಟ್ಟಣಿಗೆ ಮೇಲೆ ನಿಂತು, ಕತ್ತೆತ್ತಿ ಚಿತ್ರ ಬರೆದ. ಆ ಕೆಲಸದಲ್ಲಿ ಮೈ ಕೈ ನೊಂದಿದ್ದರ ಮೇಲೆ ಒಂದು ಪದ್ಯವನ್ನೇ ಕಟ್ಟಿದ. ಮುಂದೆ 1536ರಿಂದ 1541ರವರೆಗೆ ಅದೇ ಮಂದಿರದ ಗೋಡೆಗೆ 'ಕೊನೆಯ ತೀರ್ಪು' ಚಿತ್ರ ಬರೆದ.

ಹೆಚ್ಚೂ ಕಡಿಮೆ ಅದೇ ಹೊತ್ತಿಗೆ ನಮ್ಮ ಪಕ್ಕದಲ್ಲೂ ಒಂದು ಚಾವಣಿಗೆ ಬಣ್ಣ ಬೀಳುತ್ತಿತ್ತು. ಅದು ಲೇಪಾಕ್ಷಿಯ ವೀರಭದ್ರಸ್ವಾಮಿ ಗುಡಿ. ಶಿರಾದವರಿಗೆ ಮಡಕಶಿರಾ, ಹಿಂದೂಪುರದ ಮೇಲೆ ದಾರಿ; ಮಧುಗಿರಿಯವರಿಗೆ ಕೊಡಿಗೇನಹಳ್ಳಿ ಮೇಲೆ. ಇವತ್ತು ಆ ಊರು ಆಂಧ್ರಕ್ಕೆ ಸೇರಿದೆ. ಆಗ ಈ ಗಡಿ ಇರಲಿಲ್ಲ, ಎಲ್ಲವೂ ವಿಜಯನಗರ. ಅಚ್ಯುತದೇವರಾಯ ಆಳುತ್ತಿದ್ದ ಕಾಲ (1529–1542). ಪೆನುಕೊಂಡೆಯ ಅಧಿಕಾರಿಗಳಾಗಿದ್ದ ವಿರೂಪಣ್ಣ, ವೀರಣ್ಣ ಎಂಬ ಅಣ್ಣತಮ್ಮಂದಿರು ಕೂರ್ಮಶೈಲ ಎಂಬ ಆಮೆಬೆನ್ನಿನಂಥ ಬಂಡೆಯ ಮೇಲೆ ಈ ಗುಡಿ ಬೆಳೆಸಿದರು.

ಹೋದವರೆಲ್ಲ ನೆಲಕ್ಕೆ ತಾಗದ ಕಂಬದ ಕೆಳಗೆ ಬಟ್ಟೆ ಎಳೆದು, ದೊಡ್ಡ ಬಸವಣ್ಣನ ಮುಂದೆ ಸೆಲ್ಫಿ ತೆಗೆದು ಬಂದುಬಿಡುತ್ತಾರೆ. ಕತ್ತೆತ್ತಿ ನೋಡುವವರು ಕಮ್ಮಿ. ಮೇಲೆ ಇರುವುದು ಶಿವ ಪಾರ್ವತಿಯರ ಮದುವೆ, ಅವರಿಬ್ಬರ ಪಗಡೆಯಾಟ, ದ್ರೌಪದಿಯ ಸ್ವಯಂವರ, ಅರ್ಜುನ ಕಿರಾತರ ಕಾಳಗ, ಆಲದೆಲೆಯ ಮೇಲಿನ ಕೃಷ್ಣ. ಸುಮಾರು 23 ಅಡಿ ಉದ್ದ, 13 ಅಡಿ ಅಗಲದ ವೀರಭದ್ರನೂ ಇದ್ದಾನೆ. ಹೆಂಗಸರ ಸೀರೆಗಳನ್ನು ಗಮನಿಸಿ: ಚೌಕಳಿ, ಪಟ್ಟೆ, ಹೂವು, ಹಂಸ, ಒಂದರಂತೆ ಒಂದಿಲ್ಲ. ಆ ಅಂಚುಗಳನ್ನು ನೋಡಿ ಇವತ್ತಿಗೂ ಸೀರೆ ವಿನ್ಯಾಸ ಮಾಡುವವರಿದ್ದಾರೆ.

ರೋಮ್‌ನಲ್ಲೂ ಇಲ್ಲೂ ಚಿತ್ರಕ್ಕೆ ಹಾಸು ಸುಣ್ಣದ ಗಾರೆಯೇ. ಇಲ್ಲಿನ ಬಣ್ಣಗಳು ಬಹುಪಾಲು ಮಣ್ಣು, ಕಲ್ಲಿನಿಂದ ಬಂದವು. ಕೆಮ್ಮಣ್ಣಿನ ಕೆಂಪು, ಕಾವಿ, ಹಳದಿ, ಸುಣ್ಣದ ಬಿಳಿ. ಸುತ್ತ ಕಪ್ಪು ಗೆರೆ. ಹತ್ತಿರತ್ತಿರ 500 ವರ್ಷದ ಮಳೆ, ಧೂಳು, ಬಾವಲಿ ಕಂಡೂ ಅವು ಉಳಿದಿವೆ.

ಉಳಿಯದೇ ಹೋಗಿದ್ದು ಬರೆದವರ ಹೆಸರು.

ಮೈಕೆಲೆಂಜೆಲೊ ಹೆಸರು ಉಳಿಯಲು ಅವನ ಪ್ರತಿಭೆಯೊಂದೇ ಕಾರಣವಲ್ಲ. ಕೆಲಸದ ಕರಾರು, ಹಣ ಕೊಟ್ಟ ಲೆಕ್ಕ, ಅವನ ಪತ್ರಗಳು ಉಳಿದವು. ವಸಾರಿ ಎಂಬ ಇನ್ನೊಬ್ಬ ಚಿತ್ರಕಾರ ಕಲಾವಿದರ ಬದುಕಿನ ಕತೆಗಳನ್ನು ಸೇರಿಸಿ 1550ರಲ್ಲೇ ಪುಸ್ತಕ ತಂದ. ಮೈಕೆಲೆಂಜೆಲೊ ಬದುಕಿದ್ದಾಗಲೇ ಅವನ ಚರಿತ್ರೆ ಅಚ್ಚಾಯಿತು. ನಮ್ಮ ಕಡೆ ಶಾಸನಗಳು ಬರೆದಿಟ್ಟಿದ್ದು ಭೂಮಿ ಬಿಟ್ಟವರು ಯಾರು, ಕಟ್ಟಿಸಿದವರು ಯಾರು ಎಂಬುದನ್ನು. 'ಕೊನೆಯ ತೀರ್ಪು' ಚಿತ್ರದಲ್ಲಿ ಮೈಕೆಲೆಂಜೆಲೊ ತನ್ನ ಮುಖವನ್ನೇ ಬರೆದುಕೊಂಡಿದ್ದಾನೆ ಎಂದು ವಿದ್ವಾಂಸರು ಹೇಳುತ್ತಾರೆ. ಲೇಪಾಕ್ಷಿಯ ಚಾವಣಿಯಲ್ಲಿ ಉದ್ದ ಟೊಪ್ಪಿಗೆಯ ವಿರೂಪಣ್ಣ, ವೀರಣ್ಣ ಕಾಣುತ್ತಾರೆ. ಕುಂಚ ಹಿಡಿದವರು ಯಾರೆಂದು ಹೇಳುವ ಗುರುತಿಲ್ಲ.

ಸಿಸ್ಟೀನ್ ಮಂದಿರದ ಚಿತ್ರಗಳನ್ನು 1980ರಿಂದ 1994ರವರೆಗೆ ಜಪಾನಿನ ಟಿವಿ ಕಂಪನಿಯೊಂದರ ಹಣದಲ್ಲಿ ಶುಚಿ ಮಾಡಿದರು. ಲೇಪಾಕ್ಷಿ ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. 2022ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಅಷ್ಟು ದೂರ ಯಾಕೆ, ತುಮಕೂರು–ಶಿರಾ ಹೆದ್ದಾರಿ ಬದಿಯ ಸೀಬಿ ನರಸಿಂಹಸ್ವಾಮಿ ಗುಡಿಯ ಚಾವಣಿಯಲ್ಲೂ ಚಿತ್ರಗಳಿವೆ. ಅವು ಲೇಪಾಕ್ಷಿಗಿಂತ ಬಹಳ ಈಚಿನವು. ಪುರಾಣದ ಕತೆಗಳ ಜೊತೆಗೆ ಹೈದರ್, ಟಿಪ್ಪು ದರ್ಬಾರೂ ಅಲ್ಲಿದೆ. ಕಟ್ಟಿಸಿದ ನಲ್ಲಪ್ಪನ ಹೆಸರನ್ನು ಜನ ಇನ್ನೂ ಹೇಳುತ್ತಾರೆ. ಚಿತ್ರಗಾರನ ಹೆಸರು ಅಲ್ಲೂ ಕೇಳಿಬರುವುದಿಲ್ಲ.

ಈ ರೂಢಿ ಇನ್ನೂ ಹೋಗಿಲ್ಲ. ನಿಮ್ಮೂರ ಗುಡಿಯ ದಾನಿಗಳ ಕಲ್ಲು ನೋಡಿ. ಐನೂರು ರೂಪಾಯಿ ಕೊಟ್ಟವರ ಹೆಸರೂ ಕೆತ್ತಿರುತ್ತದೆ. ಗೋಪುರದ ಬೊಂಬೆಗೆ ಕಣ್ಣು ಬರೆದವನದ್ದು, ತೇರು ಕೆತ್ತಿದ ಆಚಾರಿಯದ್ದು ಇರುವುದಿಲ್ಲ. ಲೇಪಾಕ್ಷಿಗೋ ಸೀಬಿಗೋ ಹೋದಾಗ ಕತ್ತೆತ್ತಿ ನೋಡಿ, ಚಿತ್ರ ಮುಟ್ಟಬೇಡಿ, ಫ್ಲ್ಯಾಶ್ ಹಾಕಬೇಡಿ. ನಿಮ್ಮೂರ ಗುಡಿಗೆ ಈ ಸಲ ಬಣ್ಣ ಹೊಡೆಸಿದರೆ ಆ ಕಲ್ಲಿನಲ್ಲಿ ಒಂದು ಸಾಲು ಹೆಚ್ಚಿಗೆ ಕೆತ್ತಿಸಿ: ಬಣ್ಣ ಹಾಕಿದವರು ಇಂಥವರು, ಇಂಥ ಊರಿನವರು.