ಮರದ ಅಚ್ಚಿನ ಮುದ್ರಣ ಕಲೆ: ಗಡಿ ತಾಲ್ಲೂಕುಗಳ ಕಲಾವಿದರು ಹಾಗೂ ಕುಶಲಕರ್ಮಿಗಳಿಗೆ ಮಾಹಿತಿ

ಪೀಠಿಕೆ

ಮರದ ಹಲಗೆಯ ಮೇಲೆ ಚಿತ್ರವನ್ನು ಕೊರೆದು, ಉಬ್ಬಿ ನಿಂತ ಭಾಗಕ್ಕೆ ಬಣ್ಣ ಸವರಿ, ಕಾಗದ ಅಥವಾ ಬಟ್ಟೆಯ ಮೇಲೆ ಒತ್ತಿ ಪಡೆಯುವ ಪ್ರತಿಯೇ ಮರದ ಅಚ್ಚಿನ ಮುದ್ರಣ. ಈ ಕೆಲಸವನ್ನು ಕಾಗದದ ಮೇಲೆ ಮಾಡುವವರು ಸರ್ಕಾರದ ದಾಖಲೆಗಳಲ್ಲಿ ಕಲಾವಿದರೆಂದೂ, ಬಟ್ಟೆಯ ಮೇಲೆ ಮಾಡುವವರು ಕುಶಲಕರ್ಮಿಗಳೆಂದೂ ಪರಿಗಣಿಸಲ್ಪಡುತ್ತಾರೆ. ಇಬ್ಬರ ಉಳಿಯೂ ಒಂದೇ ಆಗಿದ್ದರೂ ಅರ್ಜಿ ಸಲ್ಲಿಸಬೇಕಾದ ಕಚೇರಿಗಳು ಬೇರೆ ಬೇರೆಯಾಗಿರುತ್ತವೆ. ತಪ್ಪು ಕಚೇರಿಗೆ ಸಲ್ಲಿಸಿದ ಅರ್ಜಿಯು ಅರ್ಹತೆಯಿದ್ದರೂ ಹಿಂದಿರುಗಬಹುದು. ಆದ್ದರಿಂದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಅರ್ಜಿದಾರರ ಅನುಕೂಲಕ್ಕಾಗಿ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ಹಿನ್ನೆಲೆ

ಮರದ ಅಚ್ಚಿನಿಂದ ಮುದ್ರಿತವಾಗಿ, ಮುದ್ರಣದ ದಿನಾಂಕವನ್ನೂ ಹೊಂದಿರುವ ಅತಿ ಹಳೆಯ ಪೂರ್ಣ ಗ್ರಂಥವೆಂದು ಹೆಸರಾದುದು ಚೀನಾ ದೇಶದ ವಜ್ರಸೂತ್ರ (ಕ್ರಿ.ಶ. 868). ಜಪಾನಿನಲ್ಲಿ 1765ರ ಸುಮಾರಿಗೆ ಬಹುವರ್ಣದ ಅಚ್ಚುಗಳು ಬಳಕೆಗೆ ಬಂದವು. ಅಲ್ಲಿ ಚಿತ್ರ ಬರೆಯುವವನು, ಮರ ಕೊರೆಯುವವನು, ಅಚ್ಚೊತ್ತುವವನು ಹಾಗೂ ಪ್ರಕಾಶಕನು ಬೇರೆ ಬೇರೆಯಾಗಿದ್ದು, ಒಂದು ಚಿತ್ರವು ಈ ನಾಲ್ವರ ಕೂಡುದುಡಿಮೆಯಾಗಿತ್ತು. ಭಾರತದಲ್ಲಿ ಹತ್ತೊಂಬತ್ತನೆಯ ಶತಮಾನದ ಕಲ್ಕತ್ತೆಯ ಬಟತಲಾ ಮುದ್ರಕರು ಈ ವಿದ್ಯೆಯನ್ನು ಜನಸಾಮಾನ್ಯರಿಗೆ ತಲುಪಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಹರೇನ್ ದಾಸ್ ಅವರಂತಹ ಕಲಾವಿದರು ಇದನ್ನು ಸ್ವತಂತ್ರ ಕಲೆಯಾಗಿ ಬೆಳೆಸಿದರು.

ಕಾಗವಾಡದ ಸಮೀಪ, ಗಡಿಯಾಚೆ ಇರುವ ಮಿರಜದಲ್ಲಿ 1805ರಷ್ಟು ಹಿಂದೆಯೇ ತಾಮ್ರದ ತಗಡುಗಳ ಮೇಲೆ ಅಕ್ಷರಗಳನ್ನು ಕೊರೆದು ಭಗವದ್ಗೀತೆಯನ್ನು ಮುದ್ರಿಸಲಾಗಿತ್ತು. ಅದು ಮರದ ಅಚ್ಚಲ್ಲವಾದರೂ, ಪುಟವನ್ನು ಕೈಯಿಂದ ಕೊರೆದು ಪ್ರತಿ ತೆಗೆಯುವ ವಿದ್ಯೆ ಈ ಸೀಮೆಗೆ ಹೊಸದಲ್ಲವೆಂಬುದಕ್ಕೆ ಅದು ಸಾಕ್ಷಿಯಾಗಿದೆ.

ಬಟ್ಟೆಗೆ ಬಣ್ಣ ಹಾಕುವುದು ಮತ್ತು ಅಚ್ಚೊತ್ತುವುದು ರಂಗಾರಿ, ಭಾವಸಾರ ಕ್ಷತ್ರಿಯ ಮೊದಲಾದ ಸಮುದಾಯಗಳ ಪಾರಂಪರಿಕ ವೃತ್ತಿಯಾಗಿತ್ತು. ಗಿರಣಿ ಬಟ್ಟೆ ಹಾಗೂ ರಾಸಾಯನಿಕ ಬಣ್ಣಗಳು ಬಂದ ಮೇಲೆ ಈ ಕುಟುಂಬಗಳಲ್ಲಿ ಅನೇಕವು ಹೊಲಿಗೆ ವೃತ್ತಿಗೆ ತಿರುಗಿದವು.

ಕೆಲಸದ ವಿಧಾನ

ಬಟ್ಟೆಯ ಅಚ್ಚಿಗೆ ತೇಗ ಅಥವಾ ಶೀಶಮ್ ಮರವನ್ನು ಬಳಸುವುದು ವಾಡಿಕೆ. ಕೊರೆದ ಅಚ್ಚನ್ನು ಹಲವು ದಿನ ಎಣ್ಣೆಯಲ್ಲಿ ನೆನೆಸಿ ಹದಗೊಳಿಸಲಾಗುತ್ತದೆ. ಗಾಳಿ ಹೊರಹೋಗಲು ಅಚ್ಚಿನಲ್ಲಿ ಸಣ್ಣ ರಂಧ್ರಗಳನ್ನು ಇಡುವುದುಂಟು. ಪ್ರತಿ ಬಣ್ಣಕ್ಕೂ ಪ್ರತ್ಯೇಕ ಅಚ್ಚು ಬೇಕು. ಒಂದು ಅಚ್ಚು ಕೂದಲೆಳೆಯಷ್ಟು ಸರಿದರೂ ಇಡೀ ವಿನ್ಯಾಸ ಕೆಡುತ್ತದೆ. ಕಾಗದದ ಮುದ್ರಣದಲ್ಲಿ ಕಲಾವಿದರು ನಿಗದಿತ ಸಂಖ್ಯೆಯ ಪ್ರತಿಗಳನ್ನು ಮಾತ್ರ ತೆಗೆದು, ಪ್ರತಿಯೊಂದಕ್ಕೂ 7/25 ಎಂಬಂತೆ ಕ್ರಮಸಂಖ್ಯೆ ಹಾಕಿ ಸಹಿ ಮಾಡುತ್ತಾರೆ. ಇದರರ್ಥ ಇಪ್ಪತ್ತೈದು ಪ್ರತಿಗಳಲ್ಲಿ ಅದು ಏಳನೆಯದು.

ಕಾನೂನಿನಲ್ಲಿ ಸ್ಥಾನ

1. ಪ್ರತಿಗಳು ಹಲವಾದ ಮಾತ್ರಕ್ಕೆ ಇದು ನಕಲು ಎಂದು ಭಾವಿಸತಕ್ಕದ್ದಲ್ಲ. ಕೃತಿಸ್ವಾಮ್ಯ ಅಧಿನಿಯಮ, 1957ರ ಪರಿಭಾಷೆಯಲ್ಲಿ ಮರಗೆತ್ತನೆಯ ಮುದ್ರಣವು ಕಲಾಕೃತಿಯೇ ಆಗಿರುತ್ತದೆ. ಕೃತಿಕಾರನ ಜೀವಿತಾವಧಿ ಹಾಗೂ ಅನಂತರದ 60 ವರ್ಷಗಳವರೆಗೆ ಹಕ್ಕು ಇರುತ್ತದೆ. ನೋಂದಣಿ ಕಡ್ಡಾಯವಲ್ಲ. ಆದರೆ ವಿವಾದ ಉಂಟಾದಲ್ಲಿ ನೋಂದಣಿಯು ಪುರಾವೆಯಾಗಿ ನೆರವಾಗುತ್ತದೆ.

2. ಸರಕು ಮತ್ತು ಸೇವಾ ತೆರಿಗೆಯ ಉದ್ದೇಶಕ್ಕಾಗಿ, ಕಲಾವಿದನು ಸಂಪೂರ್ಣವಾಗಿ ಕೈಯಿಂದಲೇ ಸಿದ್ಧಪಡಿಸಿದ ಅಚ್ಚಿನಿಂದ ನೇರವಾಗಿ ತೆಗೆದ ಪ್ರತಿಯನ್ನು ಮೂಲ ಮುದ್ರಣವೆಂದು ಪರಿಗಣಿಸಲಾಗುತ್ತದೆ. ಯಾಂತ್ರಿಕ ಅಥವಾ ಛಾಯಾಯಾಂತ್ರಿಕ ವಿಧಾನದ ಪ್ರತಿಗಳು ಇದರಲ್ಲಿ ಸೇರುವುದಿಲ್ಲ. ಮೂಲ ಮುದ್ರಣದ ಮೇಲಿನ ತೆರಿಗೆ ದರವನ್ನು ದಿನಾಂಕ 22-09-2025ರಿಂದ ಶೇ. 12ರ ಬದಲಿಗೆ ಶೇ. 5ಕ್ಕೆ ಇಳಿಸಲಾಗಿದೆ.

ಯಾರು ಎಲ್ಲಿ ಅರ್ಜಿ ಸಲ್ಲಿಸಬೇಕು?

ಅ) ಕಾಗದದ ಮೇಲೆ ಮುದ್ರಿಸುವ ಕಲಾವಿದರು: 1964ರಲ್ಲಿ ಸ್ಥಾಪಿತವಾದ ಕರ್ನಾಟಕ ಲಲಿತಕಲಾ ಅಕಾಡೆಮಿಯು ಪ್ರದರ್ಶನ ಹಾಗೂ ಪ್ರಶಸ್ತಿಗಳಿಗೆ ಪ್ರಕಟಣೆ ಹೊರಡಿಸಿದಾಗ ಅರ್ಜಿ ಸಲ್ಲಿಸಬಹುದು. ಹಿರಿಯ ಕಲಾವಿದರ ಮಾಸಾಶನಕ್ಕೆ ಸಂಬಂಧಿಸಿದಂತೆ ಬೆಳಗಾವಿಯಲ್ಲಿರುವ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಯನ್ನು ಸಂಪರ್ಕಿಸುವುದು.

ಆ) ಬಟ್ಟೆಯ ಮೇಲೆ ಅಚ್ಚೊತ್ತುವ ಕುಶಲಕರ್ಮಿಗಳು: ಕೇಂದ್ರ ಜವಳಿ ಮಂತ್ರಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯು ನೀಡುವ 'ಪೆಹಚಾನ್' ಗುರುತಿನ ಚೀಟಿಯನ್ನು ಮೊದಲು ಪಡೆಯುವುದು ಸೂಕ್ತ. ಮೇಳಗಳು, ತರಬೇತಿ ಮತ್ತಿತರ ಕೇಂದ್ರ ಯೋಜನೆಗಳಿಗೆ ಈ ಚೀಟಿಯೇ ಆಧಾರವಾಗಿರುತ್ತದೆ.

ಇ) ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆ: ದಿನಾಂಕ 17-09-2023ರಂದು ಪ್ರಾರಂಭವಾದ ಈ ಯೋಜನೆಯಲ್ಲಿ 18 ಕಸುಬುಗಳಿದ್ದು, ಅವುಗಳಲ್ಲಿ ಅಚ್ಚು ಮುದ್ರಣವು ಸೇರಿರುವುದಿಲ್ಲ. ಆದರೆ ಬಡಗಿ ಹಾಗೂ ದರ್ಜಿ ಕಸುಬುಗಳು ಸೇರಿವೆ. ಮನೆಯಲ್ಲಿ ವಾಸ್ತವವಾಗಿ ಮರಗೆಲಸ ಅಥವಾ ಹೊಲಿಗೆಯನ್ನು ಸ್ವಯಂ ಉದ್ಯೋಗವಾಗಿ ಮಾಡುತ್ತಿರುವವರು ಆಯಾ ಕಸುಬಿನ ಹೆಸರಿನಲ್ಲಿ ಪರಿಗಣನೆಗೆ ಅರ್ಹರು. ಉಪಕರಣಗಳಿಗೆ ರೂ. 15,000ದವರೆಗೆ ನೆರವು ಹಾಗೂ ಶೇ. 5ರ ಬಡ್ಡಿಯಲ್ಲಿ ಮೊದಲ ಕಂತಿನಲ್ಲಿ ರೂ. 1 ಲಕ್ಷ, ಎರಡನೆಯ ಕಂತಿನಲ್ಲಿ ರೂ. 2 ಲಕ್ಷದವರೆಗೆ ಸಾಲಕ್ಕೆ ಯೋಜನೆಯಲ್ಲಿ ಅವಕಾಶವಿದೆ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಈ ಸೌಲಭ್ಯ ದೊರೆಯುತ್ತದೆ. ಮಾಡದ ಕಸುಬನ್ನು ನಮೂದಿಸಿದ ಅರ್ಜಿಯು ಪರಿಶೀಲನೆಯ ಹಂತದಲ್ಲಿ ನಿಲ್ಲುವುದಿಲ್ಲ.

ಗಡಿಯಾಚೆಯ ಮಾರಾಟ

ಈ ತಾಲ್ಲೂಕುಗಳವರಿಗೆ ಕೊಲ್ಹಾಪುರ, ಇಚಲಕರಂಜಿ, ಮಿರಜ ಹಾಗೂ ಸಾಂಗಲಿಯ ಪೇಟೆಗಳು ಹತ್ತಿರ. ಆದರೆ ಅಲ್ಲಿಗೆ ಕಳುಹಿಸುವ ಮಾಲು, ಅಂತರ ಕೆಲವೇ ಕಿಲೋಮೀಟರ್ ಆದರೂ, ಅಂತರರಾಜ್ಯ ಪೂರೈಕೆಯಾಗುತ್ತದೆ. ಅಂತರರಾಜ್ಯ ಪೂರೈಕೆಗೆ ಸಾಮಾನ್ಯವಾಗಿ ತೆರಿಗೆ ನೋಂದಣಿ ಬೇಕಾಗುತ್ತದೆ. ಅಧಿಸೂಚಿತ ಕರಕುಶಲ ವಸ್ತುಗಳಿಗೆ, ವಹಿವಾಟು ನಿಗದಿತ ಮಿತಿಯೊಳಗಿದ್ದಲ್ಲಿ, ವಿನಾಯಿತಿ ಇದ್ದು, ಕೈಮುದ್ರಣದ ಜವಳಿಯು ಸದರಿ ಪಟ್ಟಿಯಲ್ಲಿ ಸೇರಿದೆ. ಈ ವಿನಾಯಿತಿ ಪಡೆಯುವವರು ಪ್ಯಾನ್ ಸಂಖ್ಯೆ ಹೊಂದಿರತಕ್ಕದ್ದು ಹಾಗೂ ಮಾಲಿನೊಂದಿಗೆ ಇ-ವೇ ಬಿಲ್ ಇರತಕ್ಕದ್ದು.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ನಿಪ್ಪಾಣಿಯು ಹಿಂದೆ ಚಿಕ್ಕೋಡಿ ತಾಲ್ಲೂಕಿನಲ್ಲೂ, ಕಾಗವಾಡವು ಅಥಣಿ ತಾಲ್ಲೂಕಿನಲ್ಲೂ ಇದ್ದವು. ಹಳೆಯ ದಾಖಲೆಗಳಲ್ಲಿ ಹಿಂದಿನ ತಾಲ್ಲೂಕಿನ ಹೆಸರಿದ್ದಲ್ಲಿ, ಆಧಾರ್‌ನಲ್ಲಿರುವ ವಿಳಾಸದೊಂದಿಗೆ ತಾಳೆ ನೋಡಿ, ವ್ಯತ್ಯಾಸವನ್ನು ಮೊದಲೇ ಸರಿಪಡಿಸಿಕೊಳ್ಳುವುದು.

2. ಜಾತಿ ಪ್ರಮಾಣ ಪತ್ರವು ವೃತ್ತಿಯ ಪುರಾವೆಯಲ್ಲ. ಪಾರಂಪರಿಕ ಸಮುದಾಯಕ್ಕೆ ಸೇರದವರೂ ಈ ಕಲೆಯನ್ನು ಅಭ್ಯಾಸ ಮಾಡುತ್ತಿದ್ದಲ್ಲಿ ಕಲಾವಿದರ ಅಥವಾ ಕುಶಲಕರ್ಮಿಗಳ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸಬಹುದು.

3. ಅಚ್ಚುಗಳ, ಉಪಕರಣಗಳ ಹಾಗೂ ಕೆಲಸದಲ್ಲಿ ತೊಡಗಿರುವ ಭಾವಚಿತ್ರಗಳನ್ನು ಮತ್ತು ಮಾರಾಟದ ರಸೀದಿಗಳನ್ನು ದಿನಾಂಕ ಸಹಿತ ಇಟ್ಟುಕೊಳ್ಳುವುದು.

4. ಹಿರಿಯರು ಬಳಸಿದ ಹಳೆಯ ಅಚ್ಚುಗಳನ್ನು ಉರುವಲಾಗಿ ಅಥವಾ ಗುಜರಿಗೆ ಕೊಡಬಾರದು. ಕುಟುಂಬದ ವೃತ್ತಿಯನ್ನು ತೋರಿಸುವ ದಾಖಲೆಯಾಗಿ ಅವು ಉಪಯುಕ್ತ. ಸವೆದ ಅಚ್ಚನ್ನು ಮಾದರಿಯಾಗಿಟ್ಟುಕೊಂಡು ಹೊಸದನ್ನು ಕೊರೆಯಲು ಸಾಧ್ಯವಿದ್ದು, ಅಚ್ಚೇ ಇಲ್ಲವಾದಲ್ಲಿ ಆ ವಿನ್ಯಾಸವೂ ಇಲ್ಲವಾಗುತ್ತದೆ.

ಅರ್ಜಿ ಸಲ್ಲಿಸುವ ಮುನ್ನ ಚಾಲ್ತಿಯಲ್ಲಿರುವ ನಿಯಮಗಳನ್ನು ಸಂಬಂಧಿಸಿದ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ.