ಸರದಿ ಕಾಯುವ ದಾರ

ಬಣ್ಣದ ಚಿತ್ರವಿರುವ ಕ್ರೋಶಾ ಸ್ವೆಟರ್ ಕೈಗೆ ಸಿಕ್ಕರೆ ಮೊದಲು ಅದರ ಒಳಮೈಯನ್ನು ಹೊರಗೆ ಮಾಡಿ ನೋಡಬೇಕು. ಎದೆಯ ಮೇಲಿನ ಹೂವು, ಹಕ್ಕಿ, ಬೆಟ್ಟ ಹೆಣೆದವರ ಅಭಿರುಚಿಯನ್ನು ಹೇಳುತ್ತವೆ. ಅವರ ವಿದ್ಯೆ ಗೊತ್ತಾಗುವುದು ಹಿಂಬದಿಯಲ್ಲಿ. ಒಂದು ಬಣ್ಣ ಹೆಣೆಯುತ್ತಿರುವಾಗ ಉಳಿದ ಬಣ್ಣಗಳ ದಾರ ಎಲ್ಲಿರಬೇಕು? ಕ್ರೋಶಾದ ಇನ್ನೂರು ವರ್ಷಗಳ ವರ್ಣಚರಿತ್ರೆಯನ್ನು ಈ ಒಂದು ಪ್ರಶ್ನೆಯನ್ನು ಹಿಡಿದೇ ಓದಬಹುದು ಎಂಬುದು ನನ್ನ ನಂಬಿಕೆ.

ಕ್ರೋಶಾ ತೀರ ಹಳೆಯ ಕಲೆಯೇನಲ್ಲ. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಕೊಕ್ಕೆಸೂಜಿಯಿಂದ ಸರಪಳಿ ಹೊಲಿಗೆ ಹಾಕುವ ಕಸೂತಿ 18ನೇ ಶತಮಾನದಲ್ಲಿ ಏಷ್ಯಾದಿಂದ ಯುರೋಪಿಗೆ ಹೋಯಿತು. ಇಂದು ನಮ್ಮ ಮದುವೆ ರವಿಕೆಗಳ ಮೇಲೆ ಕಾಣುವ ಆರಿ ಕೆಲಸ ಅದರ ಹತ್ತಿರದ ಬಂಧು. ಕೆಳಗಿನ ಬಟ್ಟೆಯನ್ನು ಬಿಟ್ಟು ಬರೀ ಗಾಳಿಯಲ್ಲಿ ಆ ಸರಪಳಿಯನ್ನು ಹೆಣೆದಾಗ ಕ್ರೋಶಾ ಹುಟ್ಟಿತು ಎಂಬುದು ಹಲವು ವಿದ್ವಾಂಸರ ಊಹೆ. ಅಚ್ಚಾದ ಕ್ರೋಶಾ ಮಾದರಿಗಳಲ್ಲಿ ಅತ್ಯಂತ ಹಳೆಯವೆಂದು ಹೆಸರಿಸುವುದು 1823ರಲ್ಲಿ 'ಪೆನೆಲೋಪೆ' ಎಂಬ ಡಚ್ ಪತ್ರಿಕೆಯಲ್ಲಿ ಬಂದ ರೇಷ್ಮೆದಾರದ ಹಣದ ಚೀಲಗಳನ್ನು.

ಬಣ್ಣ ಕ್ರೋಶಾದೊಳಗೆ ಬಂದದ್ದೂ ಚೀಲಗಳ ಮೂಲಕವೇ. ಬರ್ಲಿನ್ ಉಲ್ಲನ್ ಕಸೂತಿಗಾಗಿ ಚೌಕುಳಿ ಹಾಳೆಯ ಮೇಲೆ ಬಣ್ಣ ತುಂಬಿದ ನಕ್ಷೆಗಳು ಆಗ ಯುರೋಪಿನ ಮಧ್ಯಮವರ್ಗದ ಮನೆಗಳಲ್ಲಿ ಧಾರಾಳವಾಗಿದ್ದವು. ಒಂದು ಚೌಕವನ್ನು ಒಂದು ಸ್ಟಿಚ್ ಎಂದು ಎಣಿಸಿಕೊಂಡರೆ ಅದೇ ನಕ್ಷೆ ಕ್ರೋಶಾಕ್ಕೂ ಒದಗುತ್ತದೆ. ಇಂಗ್ಲೆಂಡಿನ ಫ್ರಾನ್ಸಿಸ್ ಲ್ಯಾಂಬರ್ಟ್ 1844ರಲ್ಲಿ ಹೊರತಂದಂಥ ಕ್ರೋಶಾ ಪುಸ್ತಕಗಳ ಕಾಲದಲ್ಲಿ ಚೀಲ, ದಿಂಬಿನ ಗವಸುಗಳು ಹೀಗೆ ಬಣ್ಣಬಣ್ಣವಾದವು. ಸದ್ಯಕ್ಕೆ ಬೇಡದ ದಾರವನ್ನು ಹಿಂದಿನ ಸಾಲಿನ ತಲೆಯ ಮೇಲೆ ಮಲಗಿಸಿ, ಅದರ ಮೇಲೆಯೇ ಸಿಂಗಲ್ ಕ್ರೋಶಾ ಎಂಬ ಗಿಡ್ಡ ಸ್ಟಿಚ್ ಹಾಕುತ್ತ ಹೋದರೆ ದಾರ ಸ್ಟಿಚ್‌ಗಳ ಒಳಗೇ ಅಡಗುತ್ತದೆ. ಇದನ್ನು ಈಗ ಟ್ಯಾಪೆಸ್ಟ್ರಿ ಕ್ರೋಶಾ ಎನ್ನುತ್ತಾರೆ. ಕಾಯುವ ದಾರಕ್ಕೆ ಸಿಕ್ಕ ಮೊದಲ ಜಾಗ ಬಟ್ಟೆಯ ಹೊಟ್ಟೆ.

ಈ ಉಪಾಯ ಚೀಲಕ್ಕೆ ಹೇಳಿ ಮಾಡಿಸಿದಂತಿದೆ. ಒಳಗೆ ದಾರ ತುಂಬಿದಷ್ಟೂ ಬಟ್ಟೆ ಗಟ್ಟಿಯಾಗುತ್ತದೆ, ಭಾರ ತಡೆಯುತ್ತದೆ. ಕೊಲಂಬಿಯಾ ಮತ್ತು ವೆನೆಜುವೆಲಾ ಗಡಿಯ ವಾಯೂ ಹೆಂಗಸರ ಮೋಚಿಲಾ ಚೀಲಗಳೂ ಗ್ವಾಟೆಮಾಲಾದ ಹೆಗಲಚೀಲಗಳೂ ಇದನ್ನು ಎತ್ತರಕ್ಕೆ ಒಯ್ದವು. ಗ್ವಾಟೆಮಾಲಾದಲ್ಲಿ ಈ ವಿದ್ಯೆಯನ್ನು ಕಂಡು ಅಭ್ಯಾಸ ಮಾಡಿದ ಅಮೆರಿಕದ ಕ್ಯಾರಲ್ ವೆಂಚುರಾ 1991ರಲ್ಲಿ ಟ್ಯಾಪೆಸ್ಟ್ರಿ ಕ್ರೋಶಾದ ಬಗ್ಗೆಯೇ ಒಂದು ಪುಸ್ತಕ ಬರೆದರು. ಆದರೆ ಮೈಮೇಲೆ ಹಾಕುವ ಸ್ವೆಟರ್ ಗಟ್ಟಿಯಾಗಿ ನಿಂತರೆ ಏನು ಪ್ರಯೋಜನ? ಅದು ಭುಜದಿಂದ ಇಳಿಬಿದ್ದು ಮೈಗೆ ಹೊಂದಬೇಕು. ಸಾಲದ್ದಕ್ಕೆ ತಿಳಿಬಣ್ಣದ ಸ್ಟಿಚ್‌ಗಳ ಸಂದಿಯಿಂದ ಒಳಗಿನ ಗಾಢಬಣ್ಣ ಇಣುಕುತ್ತದೆ.

ಎರಡನೇ ದಾರಿ ಚಿತ್ರವನ್ನೇ ತುಂಡು ಮಾಡುವುದು. ಅಮೆರಿಕದ 'ಪ್ರೇರಿ ಫಾರ್ಮರ್' ಪತ್ರಿಕೆಯಲ್ಲಿ 1885ರಲ್ಲಿ ಪ್ರಕಟವಾದ ಮಾದರಿಯಿಂದ ಗ್ರ್ಯಾನಿ ಸ್ಕ್ವೇರ್‌ನ ಲಿಖಿತ ಇತಿಹಾಸ ಶುರುವಾಗುತ್ತದೆ ಎನ್ನುತ್ತಾರೆ. ಒಂದೊಂದು ಸುತ್ತಿಗೆ ಒಂದೊಂದು ಬಣ್ಣ, ಸುತ್ತು ಮುಗಿದಾಗ ದಾರ ಕತ್ತರಿಸು, ಕೊನೆಗೆ ಚೌಕಗಳನ್ನೆಲ್ಲ ಜೋಡಿಸು. ಇಲ್ಲಿ ದಾರ ಕಾಯುವುದೇ ಇಲ್ಲ. 1960–70ರ ದಶಕದ ಕ್ರೋಶಾ ಉಡುಪುಗಳ ಅಲೆ ಬಹುಪಾಲು ಈ ಚೌಕಗಳ ಮೇಲೆಯೇ ತೇಲಿತು. ಚೆಲುವಿಗೇನೂ ಕೊರತೆಯಿರಲಿಲ್ಲ. ಆದರೆ ಚೌಕಗಳಲ್ಲಿ ಹಕ್ಕಿಯ ಕೊರಳಿನ ಬಾಗು ಮೂಡುವುದಿಲ್ಲ.

ಚಿತ್ರದ ಸ್ವೆಟರ್ ಅಷ್ಟರಲ್ಲಿ ಎರಡು ಕಡ್ಡಿಯ ನಿಟ್ಟಿಂಗ್‌ನಲ್ಲಿ ಬಹಳ ಮುಂದೆ ಹೋಗಿತ್ತು. 1927ರಲ್ಲಿ ಪ್ಯಾರಿಸ್ಸಿನ ವಸ್ತ್ರವಿನ್ಯಾಸಕಿ ಎಲ್ಸಾ ಸ್ಕ್ಯಾಪರೆಲ್ಲಿ ಕೊರಳಲ್ಲಿ ಬಿಳಿ ಬೋ ಕಟ್ಟಿದಂತೆ ಕಾಣುವ ಕಪ್ಪು ಸ್ವೆಟರ್ ತಂದು ಹೆಸರಾದರು. ಅದನ್ನು ಹೆಣೆದವರು ಅರೂಸ್ಯಾಗ್ ಮಿಕಾಯೆಲಿಯನ್ ಎಂಬ ಅರ್ಮೇನಿಯನ್ ಮಹಿಳೆ. ಬಿಳಿದಾರವನ್ನು ಹಿಂಬದಿಯಲ್ಲೇ ಒಯ್ಯುತ್ತ ಅಲ್ಲಲ್ಲಿ ಕಪ್ಪಿನೊಳಗೆ ಸಿಕ್ಕಿಸಿದ್ದರಿಂದ ಸ್ವೆಟರ್ ಆಕಾರ ಕೆಡದೆ ನಿಂತಿತು. 1950ರ ದಶಕದಲ್ಲಿ ಕೆನಡಾದ ಮೇರಿ ಮ್ಯಾಕ್ಸಿಮ್ ಸಂಸ್ಥೆ ಪ್ರಾಣಿಗಳ ಚಿತ್ರವಿರುವ ದಪ್ಪ ಉಲ್ಲನ್ ಸ್ವೆಟರ್‌ಗಳ ನಕ್ಷೆಗಳನ್ನು ಮನೆಮನೆಗೆ ಮುಟ್ಟಿಸಿತು. ಲಂಡನ್ನಿನಲ್ಲಿ ನೆಲೆಸಿದ ವಿನ್ಯಾಸಕ ಕೇಫ್ ಫಾಸೆಟ್ 1985ರ ತಮ್ಮ ಪುಸ್ತಕದಿಂದ ಒಂದೇ ಸ್ವೆಟರ್‌ಗೆ ಹತ್ತಾರು ಬಣ್ಣ ಸುರಿಯುವ ಧೈರ್ಯವನ್ನು ಸಾಮಾನ್ಯ ಹೆಣಿಗೆಯವರಿಗೂ ಕೊಟ್ಟರು. ಅವರು ನೆಚ್ಚಿದ ತಂತ್ರಗಳಲ್ಲಿ ಮುಖ್ಯವಾದದ್ದು ಇಂಟಾರ್ಸಿಯಾ.

ಇಂಟಾರ್ಸಿಯಾದಲ್ಲಿ ಪ್ರತಿ ಬಣ್ಣದ ತುಣುಕಿಗೂ ತನ್ನದೇ ದಾರದುಂಡೆ. ಹಿಂಬದಿಯಲ್ಲಿ ದಾರ ಹರಿಯುವುದಿಲ್ಲ, ತನ್ನ ಗಡಿಯಲ್ಲಿ ನೇತಾಡುತ್ತ ಮುಂದಿನ ಸಾಲಿಗೆ ಕಾಯುತ್ತದೆ. ಮೈಸೂರಿನ ಬೀಟೆಮರದ ಇನ್‌ಲೇ ಕೆಲಸದಲ್ಲಿ ಬೇರೆಬೇರೆ ಬಣ್ಣದ ಮರದ ಚೂರುಗಳನ್ನು ಒಂದರ ಪಕ್ಕ ಒಂದು ಕೂರಿಸುವ ಹಾಗೆ ಇಲ್ಲೂ ಬಣ್ಣಗಳು ಒಂದರ ಮೇಲೊಂದು ಬರದೆ ಅಕ್ಕಪಕ್ಕ ಕೂಡುತ್ತವೆ. ಆದ್ದರಿಂದ ಬಟ್ಟೆ ಎಲ್ಲ ಕಡೆಯೂ ಒಂದೇ ದಪ್ಪ.

ಇದು ಕ್ರೋಶಾಕ್ಕೆ ತಡವಾಗಿ ಒಗ್ಗಿದ್ದೇಕೆ? ಕಾರಣ ಸ್ಟಿಚ್‌ನ ರಚನೆಯಲ್ಲೇ ಇದೆ. ಸಿಂಗಲ್ ಕ್ರೋಶಾದ ತಲೆ ಅದರ ಕಾಲಿನ ನೇರಕ್ಕೆ ಕೂರುವುದಿಲ್ಲ, ತುಸು ಪಕ್ಕಕ್ಕೆ ಸರಿದಿರುತ್ತದೆ. ಸುತ್ತುಸುತ್ತಾಗಿ ಹೆಣೆದರೆ ಆ ಸರಿತ ಒಂದೇ ಕಡೆಗೆ ಕೂಡುತ್ತ ಹೋಗಿ, ನೆಟ್ಟಗಿರಬೇಕಾದ ಗೆರೆ ಓರೆಯಾಗುತ್ತದೆ. ಹೋಗಿ ಬಂದು ಸಾಲುಸಾಲಾಗಿ ಹೆಣೆದರೆ ಒಂದು ಸಾಲಿನ ಓರೆಯನ್ನು ಮುಂದಿನ ಸಾಲು ಸರಿದೂಗಿಸುತ್ತದೆ. ಇಂಟಾರ್ಸಿಯಾಕ್ಕೂ ಸಾಲೇ ಬೇಕು: ಎಡತುದಿಯಲ್ಲಿ ಬಿಟ್ಟ ದಾರ ತಿರುಗಿ ಬರುವಾಗ ಅಲ್ಲೇ ಕೈಗೆ ಸಿಗುತ್ತದೆ. ಸುತ್ತಿನಲ್ಲಾದರೆ ಅದು ಬಣ್ಣದ ಆಚೆ ತುದಿಯಲ್ಲಿ ಉಳಿದುಬಿಡುತ್ತದೆ.

ಬಣ್ಣ ಬದಲಿಸುವ ಕ್ಷಣವನ್ನೂ ಕಲಿಯಬೇಕು. ಹೊಸ ಬಣ್ಣ ಬರಬೇಕಾದ ಸ್ಟಿಚ್‌ನಲ್ಲಿ ಬದಲಿಸಿದರೆ ತಡವಾಯಿತು. ಅದರ ಹಿಂದಿನ ಸ್ಟಿಚ್ ಮುಗಿಯುವ ಮೊದಲು, ಕೊಕ್ಕೆಯ ಮೇಲೆ ಎರಡು ಕುಣಿಕೆ ಇರುವಾಗ, ಹೊಸ ದಾರವನ್ನು ಎಳೆದು ಮುಗಿಸಬೇಕು. ಆ ಎಳೆತದಲ್ಲೇ ಎರಡು ಬಣ್ಣ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ನಿಟ್ಟಿಂಗ್‌ನಲ್ಲಿ ಗಡಿಯಲ್ಲಿ ತೂತು ಬೀಳದಂತೆ ದಾರಗಳನ್ನು ಒಂದಕ್ಕೊಂದು ತಿರುಚಬೇಕು. ಕ್ರೋಶಾಕ್ಕೆ ಆ ಅಂಜಿಕೆ ಕಡಿಮೆ. ಹಿಂಬದಿಯ ಸಾಲಿನಲ್ಲಿ ಮಾತ್ರ ಬಿಟ್ಟ ದಾರವನ್ನು ನೆನಪಿಟ್ಟು ನಮ್ಮ ಕಡೆಗೆ ತಂದುಕೊಳ್ಳಬೇಕು, ಇಲ್ಲವಾದರೆ ಅದು ಮುಂಬದಿಗೆ ಬಂದು ಚಿತ್ರದ ಮೇಲೆ ಅಡ್ಡ ಬೀಳುತ್ತದೆ. ಹತ್ತು ದಾರಗಳಿದ್ದರೆ ರಟ್ಟಿನ ತುಂಡಿಗೋ ಬಟ್ಟೆ ಒಣಹಾಕುವ ಕ್ಲಿಪ್ಪಿಗೋ ಸುತ್ತಿಕೊಂಡು ಕೂರುವುದು ರೂಢಿ.

ನಕ್ಷೆಯದು ಇನ್ನೊಂದು ಕಥೆ. 10 ಸೆಂ.ಮೀ. ಚೌಕದಲ್ಲಿ 16 ಸ್ಟಿಚ್, 20 ಸಾಲು ಬರುವ ಹೆಣಿಗೆಯನ್ನು ತೆಗೆದುಕೊಳ್ಳಿ. ಚೌಕುಳಿ ಹಾಳೆಯ ಮೇಲೆ 40 ಮನೆ ಅಗಲ, 40 ಮನೆ ಎತ್ತರ ಬರೆದ ದುಂಡು ಚಂದ್ರ ಬಟ್ಟೆಯ ಮೇಲೆ 25 ಸೆಂ.ಮೀ. ಅಗಲವಾಗಿ, 20 ಸೆಂ.ಮೀ. ಎತ್ತರವಾಗಿ ಚಪ್ಪಟೆಯಾಗುತ್ತಾನೆ. ಹೊದಿಕೆ ಹೆಣೆಯುವವರು ಇದಕ್ಕೆ ಮೂಲೆಯಿಂದ ಮೂಲೆಗೆ ಹೆಣೆಯುವ ದಾರಿ ಹಿಡಿದರು. ಅಲ್ಲಿ ಪ್ರತಿ ಮನೆಯೂ ಕೆಲವು ಸ್ಟಿಚ್‌ಗಳ ಒಂದು ಚೌಕ. ಹೊದಿಕೆಗೆ ಅದು ಸೊಗಸು, ಸ್ವೆಟರ್‌ಗೆ ಮಾತ್ರ ಆ ಚೌಕಗಳು ತೀರ ದೊಡ್ಡವು. ಈಗ ಸ್ಟಿಚ್‌ನ ಅಳತೆ ಕೊಟ್ಟರೆ ಅದಕ್ಕೆ ತಕ್ಕ ಮನೆಗಳ ನಕ್ಷೆ ಬರೆದುಕೊಡುವ ಸಾಫ್ಟ್‌ವೇರ್‌ಗಳಿವೆ. ಹೆಣಿಗೆಯವರಿಗಾಗಿ 2007ರಲ್ಲಿ ಶುರುವಾದ ರ್‍ಯಾವೆಲ್ರಿ ಜಾಲತಾಣದ ನಂತರ ಮನೆಯಲ್ಲೇ ಕೂತ ವಿನ್ಯಾಸಕಿ ತನ್ನ ನಕ್ಷೆಯನ್ನು ನೇರವಾಗಿ ಮಾರಬಲ್ಲಳು. ಕ್ರೋಶಾ ಇಂಟಾರ್ಸಿಯಾವನ್ನು ಮುಂದೆ ತಂದವರಲ್ಲಿ ನನ್ನ ಮಟ್ಟಿಗೆ ಈ ಹೆಂಗಸರದ್ದೇ ದೊಡ್ಡ ಪಾಲು.

2020ರಲ್ಲಿ ಗಾಯಕ ಹ್ಯಾರಿ ಸ್ಟೈಲ್ಸ್ ತೊಟ್ಟ, ವಿನ್ಯಾಸಕ ಜೆ.ಡಬ್ಲ್ಯೂ. ಆಂಡರ್ಸನ್ ಅವರ ಬಣ್ಣದ ಚೌಕಗಳ ಕಾರ್ಡಿಗನ್ ಲಾಕ್‌ಡೌನ್ ದಿನಗಳಲ್ಲಿ ಟಿಕ್‌ಟಾಕ್ ತುಂಬ ಹರಡಿತು. ಅದು ಕಡ್ಡಿಯಲ್ಲಿ ಹೆಣೆದದ್ದು. ಕ್ರೋಶಾ ಬಲ್ಲವರು ತಮ್ಮ ಕೊಕ್ಕೆಯಿಂದಲೂ ಅದನ್ನು ಮಾಡಿಕೊಂಡರು. ಆಂಡರ್ಸನ್ ಮಾದರಿಯನ್ನು ಉಚಿತವಾಗಿ ಬಿಟ್ಟುಕೊಟ್ಟರು, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಆ ಕಾರ್ಡಿಗನ್ನನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು.

ಈ ಸಂಭ್ರಮದ ನಡುವೆ ದುಡಿಮೆಯ ಮಾತು ಮರೆಯಾಗಬಾರದು. ನಿಟ್ಟಿಂಗ್‌ಗೆ 1589ರಿಂದಲೇ ಯಂತ್ರವಿದೆ. ಕ್ರೋಶಾಕ್ಕೆ ಅಂಥ ಯಂತ್ರ ಇನ್ನೂ ಬಳಕೆಗೆ ಬಂದಿಲ್ಲ, ಹಾಗಾಗಿ ಅಂಗಡಿಯ ಅಗ್ಗದ ಕ್ರೋಶಾ ಟಾಪ್ ಈಗಲೂ ಯಾರದೋ ಕೈಯ ಕೆಲಸ. ಆಂಧ್ರದ ನರಸಾಪುರದ ಕ್ರೋಶಾ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಸಿಕ್ಕಿತು. ಅಲ್ಲಿನ ಹೆಂಗಸರ ದುಡಿಮೆಯನ್ನು ಬಿಡುವಿನ ಕೆಲಸವೆಂದು ಲೆಕ್ಕ ಹಾಕಿ ಚಿಲ್ಲರೆ ಕೂಲಿ ಕೊಡುವುದನ್ನು ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲೇ ಬಿಡಿಸಿ ಬರೆದಿದ್ದರು. ನಮ್ಮಲ್ಲಿ ಸೀರೆಯ ಸೆರಗಿಗೆ ಕ್ರೋಶಾ ಕುಚ್ಚು ಕಟ್ಟುವವರ ಲೆಕ್ಕವೂ ಇದಕ್ಕಿಂತ ಬೇರೆಯಿಲ್ಲ. ಇಂಟಾರ್ಸಿಯಾದಲ್ಲಿ ಹೆಣೆದಾದ ಮೇಲೂ ಹಿಂಬದಿಯ ಒಂದೊಂದು ತುದಿಯನ್ನೂ ಸೂಜಿಯಿಂದ ಒಳಸೇರಿಸಬೇಕು. ಈ ಹೊತ್ತನ್ನು ಬೆಲೆಯಲ್ಲಿ ಸೇರಿಸುವವರು ಕಡಿಮೆ.

ಸದ್ಯ ವಿನ್ಯಾಸಕರನ್ನು ಕಾಡುತ್ತಿರುವುದು ಸೈಜು. ಮೊದಲೆಲ್ಲ ಒಂದೋ ಎರಡೋ ಅಳತೆಗೆ ಬರೆದ ಮಾದರಿ ನಡೆಯುತ್ತಿತ್ತು. ಈಗ ಸಣ್ಣ ಮೈಯಿಂದ ಟ್ರಿಪಲ್ ಎಕ್ಸೆಲ್‌ನಾಚೆಗೂ ಬೇಕೆಂದು ಕೊಳ್ಳುವವರು ಕೇಳುತ್ತಾರೆ, ಕೇಳಬೇಕಾದದ್ದೇ. ಚಿತ್ರವನ್ನು ಅಷ್ಟೇ ಇಟ್ಟು ಸುತ್ತಲಿನ ಬಣ್ಣವನ್ನು ಹಿಗ್ಗಿಸಿದರೆ ದೊಡ್ಡ ಸ್ವೆಟರ್‌ನಲ್ಲಿ ಹಕ್ಕಿ ಬಡವಾಗುತ್ತದೆ. ಚಿತ್ರವನ್ನೇ ಹಿಗ್ಗಿಸಿದರೆ ಕೊರಳಿನ ಇಳಿವು, ಕಂಕುಳಿನ ಕತ್ತರಿಕೆ ಅದರ ರೆಕ್ಕೆಯನ್ನು ಬೇರೆಬೇರೆ ಜಾಗದಲ್ಲಿ ತುಂಡರಿಸುತ್ತವೆ. ಹಾಗಾಗಿ ಕೆಲವರು ಪ್ರತಿ ಅಳತೆಗೂ ಹೊಸ ನಕ್ಷೆ ಬರೆಯುತ್ತಿದ್ದಾರೆ. ಇನ್ನು ಕೆಲವರು ಮೇಲಿನಿಂದ ಇಳಿಯುವ ಹೊಲಿಗೆಯಿಲ್ಲದ ಸ್ವೆಟರ್‌ನಲ್ಲಿ ಪ್ರತಿ ಸುತ್ತಿನ ಕೊನೆಗೆ ಕೂಡಿಸಿ, ಕೆಲಸವನ್ನು ತಿರುಗಿಸಿ, ಸುತ್ತಿನಲ್ಲೇ ಸಾಲಿನ ಲಾಭ ಪಡೆಯುತ್ತಿದ್ದಾರೆ.