ಕಟ್ಟಡದ ಲೆಕ್ಕಕ್ಕೆ ಸಂಭವನೀಯತೆ ಬಂದ ಬಗೆ

ನಕ್ಷೆಯಲ್ಲಿ ಎಂ20 ಕಾಂಕ್ರೀಟ್ ಎಂದಿದ್ದರೂ ಮಿಶ್ರಣ ತಯಾರಿಸುವವರ ಗುರಿ 20 ಅಲ್ಲ, ಚದರ ಮಿಲಿಮೀಟರಿಗೆ 26.6 ನ್ಯೂಟನ್. ಒಂದೇ ಸೈಟಿನ ಕಾಂಕ್ರೀಟಿನ ಪರೀಕ್ಷಾ ಕ್ಯೂಬುಗಳನ್ನು 28ನೇ ದಿನ ಒಡೆದರೆ ಒಂದೊಂದೂ ಒಂದೊಂದು ಬಲ ತೋರಿಸುತ್ತದೆ. ಅದಕ್ಕೇ ನಮ್ಮ ಸಂಹಿತೆಗಳು 4 ನ್ಯೂಟನ್ ಪ್ರಮಾಣ ವಿಚಲನೆ ಹಿಡಿದು, ಅದರ 1.65 ಪಟ್ಟು ಮೇಲೆ ಸೇರಿಸುತ್ತವೆ. ನೂರಕ್ಕೆ ಐದಕ್ಕಿಂತ ಹೆಚ್ಚು ಕ್ಯೂಬುಗಳು 20ಕ್ಕಿಂತ ಕೆಳಗಿಳಿಯಬಾರದು ಎಂಬುದು ಆಶಯ.

ಸುರಕ್ಷತೆಯನ್ನು ಹೀಗೆ ಸಂಖ್ಯಾಶಾಸ್ತ್ರದಿಂದ ಅಳೆಯಬೇಕೆಂದು ಜರ್ಮನಿಯ ಮ್ಯಾಕ್ಸ್ ಮೇಯರ್ 1926ರಲ್ಲೇ ಬರೆದಿದ್ದರು. 1947ರಲ್ಲಿ ಆಲ್ಫ್ರೆಡ್ ಫ್ರಾಯ್ಡೆಂಥಾಲ್ ಅಮೆರಿಕದಲ್ಲಿ ಅದಕ್ಕೆ ಗಣಿತದ ತಳಪಾಯ ಹಾಕಿದರು. ವಿನ್ಯಾಸಕಾರರ ಕೈಗೆ ಸಿಗುವಂಥ ಸೂತ್ರ ಬಂದದ್ದು 1969ರಲ್ಲಿ, ಅಲಿನ್ ಕಾರ್ನೆಲ್ ಅವರಿಂದ: ರಚನೆಯ ಬಲದಿಂದ ಭಾರವನ್ನು ಕಳೆದು, ಉಳಿದ ಅಂತರದ ಸರಾಸರಿಯನ್ನು ಅದರ ಪ್ರಮಾಣ ವಿಚಲನೆಯಿಂದ ಭಾಗಿಸಿದರೆ ಸುರಕ್ಷತೆಯ ಸೂಚ್ಯಂಕ. ಆದರೆ ಕುಸಿತದ ಅದೇ ಷರತ್ತನ್ನು, ಎಂದರೆ ಬಲ ಭಾರಕ್ಕಿಂತ ಕಡಿಮೆಯಾಗುವುದನ್ನು, ಕಳೆಯುವ ಬದಲು ಭಾಗಿಸಿ ಬರೆದರೆ ಉತ್ತರವೇ ಬೇರೆಯಾಗುತ್ತಿತ್ತು! 1974ರಲ್ಲಿ ಹಸೋಫರ್ ಮತ್ತು ಲಿಂಡ್ ಈ ತೊಡಕು ಬಿಡಿಸಿದರು. ಯುರೋಪಿನ ಸಂಹಿತೆಯಾದ ಯುರೋಕೋಡ್ ಸಾಮಾನ್ಯ ಕಟ್ಟಡಗಳಿಗೆ 50 ವರ್ಷಗಳ ಅವಧಿಗೆ ಕೇಳುವ 3.8 ಎಂಬ ಸೂಚ್ಯಂಕ ಇದೇ ವಂಶದ್ದು.

ಕಂಪ್ಯೂಟರ್ ಬಂದ ಮೇಲೆ, ಯಾದೃಚ್ಛಿಕ ಬೆಲೆಗಳನ್ನಿಟ್ಟು ಲೆಕ್ಕವನ್ನು ಮತ್ತೆ ಮತ್ತೆ ಮಾಡಿ ಕುಸಿತಗಳನ್ನು ಎಣಿಸುವ ಮಾಂಟೆ ಕಾರ್ಲೊ ವಿಧಾನ ಸುಲಭದ ದಾರಿಯೆನಿಸಿತು. ಆದರೆ ಹತ್ತು ಸಾವಿರಕ್ಕೊಂದರಷ್ಟು ಅಪರೂಪದ ಕುಸಿತವನ್ನು ಶೇ. 10ರ ನಿಖರತೆಯಲ್ಲಿ ಅಂದಾಜಿಸಲು ಸುಮಾರು ಹತ್ತು ಲಕ್ಷ ವಿಶ್ಲೇಷಣೆ ಬೇಕು. ಒಂದಕ್ಕೆ ಒಂದು ನಿಮಿಷ ಎಂದರೂ ಹೆಚ್ಚುಕಡಿಮೆ ಎರಡು ವರ್ಷ. 2001ರಲ್ಲಿ ಆವ್ ಮತ್ತು ಬೆಕ್ ಅಪರೂಪದ ಘಟನೆಯನ್ನು ಅಷ್ಟೇನೂ ಅಪರೂಪವಲ್ಲದ ಹಂತಗಳಾಗಿ ಒಡೆದು ಈ ಹೊರೆ ಇಳಿಸಿದರು. ಅದಕ್ಕೂ ಮೊದಲು, 1991ರಲ್ಲಿ, ಘಾನೆಮ್ ಮತ್ತು ಸ್ಪಾನೋಸ್ ತಮ್ಮ ಪುಸ್ತಕದಲ್ಲಿ ವಸ್ತುಗುಣದ ಏರಿಳಿತವನ್ನು, ರಚನೆಯನ್ನು ಸಣ್ಣ ತುಂಡುಗಳಾಗಿ ಒಡೆದು ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ಸಮೀಕರಣದ ಒಳಗೇ ಸೇರಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರ್.ಎನ್. ಅಯ್ಯಂಗಾರ್, ಸಿ.ಎಸ್. ಮನೋಹರ್ ಅವರು ಯಾದೃಚ್ಛಿಕ ಕಂಪನಗಳ ಮೇಲೆ ನಡೆಸಿದ ಕೆಲಸವೂ ಈ ಪರಂಪರೆಯದೇ.

ಅದೇ 1991ರ ಆಗಸ್ಟ್ 23ರಂದು ನಾರ್ವೆಯ ಸ್ಟಾವಾಂಗರ್ ಬಳಿ ಸ್ಲೈಪ್ನರ್ ಎ ತೈಲವೇದಿಕೆಯ ಕಾಂಕ್ರೀಟ್ ತಳರಚನೆ ಸಮುದ್ರದಲ್ಲಿ ಮುಳುಗಿತು. ಕಾಂಕ್ರೀಟಿನ ಏರಿಳಿತ ಅದಕ್ಕೆ ಕಾರಣವಲ್ಲ. ಫೈನೈಟ್ ಎಲಿಮೆಂಟ್ ವಿಶ್ಲೇಷಣೆಯ ಮೆಶ್, ಎಂದರೆ ತುಂಡುಗಳ ಹೆಣಿಗೆ, ಒರಟಾಗಿತ್ತು. ಒಳಗೋಡೆಗಳಲ್ಲಿನ ಶಿಯರ್ ಒತ್ತಡ ಶೇ. 47ರಷ್ಟು ಕಡಿಮೆ ಎಂದು ತೋರಿತ್ತು, ಸರಳುಗಳ ಜೋಡಣೆಯೂ ಸಾಲದಾಗಿತ್ತು. ಮತ್ತೆ ಎಚ್ಚರದಿಂದ ಲೆಕ್ಕ ಹಾಕಿದಾಗ ಗೋಡೆ 62 ಮೀಟರ್ ಆಳದಲ್ಲಿ ಸೋಲಬೇಕೆಂದು ಬಂತು; ನಿಜವಾಗಿ ಸೋತದ್ದು 65 ಮೀಟರಿನಲ್ಲಿ. ಎಷ್ಟು ಕ್ಯೂಬು ಒಡೆದಿದ್ದರೂ ಈ ತಪ್ಪು ಸಿಗುತ್ತಿರಲಿಲ್ಲ.

ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ನಿಜವಾದ ಸವಾಲು ಇದೇ: ಮಾದರಿಯೇ ತಪ್ಪಿದ್ದರೆ? 2001ರಲ್ಲಿ ಕೆನಡಿ ಮತ್ತು ಒ'ಹೇಗನ್ ಮಾದರಿಗೂ ವಾಸ್ತವಕ್ಕೂ ಇರುವ ಅಂತರವನ್ನೇ ಬೇರೆ ಪದವಾಗಿ ಸಮೀಕರಣಕ್ಕೆ ತಂದರು. ಆದರೂ ಅಳತೆಗಳು ಕೆಲವೇ ಇದ್ದಾಗ ತಪ್ಪು ವಸ್ತುಗುಣದ್ದೋ ಮಾದರಿಯದ್ದೋ ಎಂದು ಬಿಡಿಸಿ ಹೇಳುವುದು ಕಷ್ಟ. ಈಗ ಹಲವೆಡೆ ಫೈನೈಟ್ ಎಲಿಮೆಂಟ್ ಮಾದರಿಯ ಬದಲಿಗೆ, ಅದರಿಂದಲೇ ಕಲಿತ ನರಜಾಲಗಳು ಕುಳಿತಿವೆ, ಕ್ಷಣಮಾತ್ರದಲ್ಲಿ ಉತ್ತರ ಕೊಡುತ್ತವೆ. ಜಾಲದ ದೋಷ, ಅದು ಕಲಿತ ಮಾದರಿಯ ದೋಷ ಎರಡೂ ಸೇರಿರದ ವರದಿಯ ಸಂಭವನೀಯತೆಯನ್ನು ನಾನು ಎರಡು ವಿನ್ಯಾಸಗಳ ಹೋಲಿಕೆಗೆ ಮಾತ್ರ ಒಪ್ಪುತ್ತೇನೆ.